ಅವಳು ಬರೆಯದ ಎರಡು ಸಾಲು

"ನನ್ನ ವಾಕ್ಯದ ಕುತ್ತಿಗೆ ಕೊಯ್ದಿದ್ದು ಯಾರು?"

ಬೆಳಿಗ್ಗೆ ಒಂಬತ್ತೂವರೆಗೆ, ಹೆಗಲ ಚೀಲವನ್ನೂ ಕೆಳಗಿಡದೆ ಅವಳು ಕೇಳಿದ ಪ್ರಶ್ನೆಗೆ ಆಫೀಸಿನ ಎಲ್ಲ ತಲೆಗಳೂ ಕಂಪ್ಯೂಟರ್ ಪರದೆಗಳ ಹಿಂದೆ ತಗ್ಗಿದವು. ಒಂದು ತಲೆ ಮಾತ್ರ ಮೇಲೆದ್ದಿತು. ನಿನ್ನೆಯಷ್ಟೇ ಕೆಲಸಕ್ಕೆ ಸೇರಿದ ಡೆವಲಪರ್.

"ನಾನೇ ಮೇಡಂ."

"ಹಾಗಾದ್ರೆ ಓದಿ. ಜೋರಾಗಿ!"

ಅವನು ಕೊನೆಯ ವಾಕ್ಯವನ್ನು ಪಾಠ ಒಪ್ಪಿಸುವವನಂತೆ ಓದಿದ. "ಈ ಹಾಸಿಗೆಯ ಮೇಲೆ ಮಲಗಿದವರು ಬೆಳಿಗ್ಗೆ ಬೆನ್ನು ಹಿಡಿದುಕೊಂಡು ಏಳು..."

"ಮುಂದೆ?"

"ಮುಂದೆ ಮೂರು ಚುಕ್ಕಿ, ಮೇಡಂ."

"'ಏಳುವುದಿಲ್ಲ' ಅಂತ ಬರೆದಿದ್ದೆ ನಾನು! ಹಾಸಿಗೆ ಕಂಪನಿಯವರು ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ. 'ಇಲ್ಲ' ಎಲ್ಲಿ ಹೋಯ್ತು?"

"ನೂರೈವತ್ತೈದು ಅಕ್ಷರ ದಾಟಿತ್ತು. ಸರ್ಚಿನಲ್ಲಿ ಹೇಗೂ ಕಾಣಲ್ಲ ಅಂತ..."

"ಕತ್ತರಿಸಿದ್ರಿ."

"ಹೂಂ."

ಅಂದಿನಿಂದ ಅವನ ಹೆಸರು ಕತ್ತರಿ. ಅವಳಿಗೂ ಅಲ್ಲಿ ಒಂದು ಹೆಸರಿತ್ತು: ಎರಡು ಸಾಲಿನ ಮೇಡಂ. ಯಾರಾದರೂ ಏನನ್ನಾದರೂ ಹುಡುಕಿದಾಗ ವೆಬ್‌ಸೈಟಿನ ಹೆಸರಿನ ಕೆಳಗೆ ಎರಡು ಸಾಲು ಬರುತ್ತವಲ್ಲ, ಅದು ಅವಳ ಕೆಲಸ. ಮೆಟಾ ಡಿಸ್ಕ್ರಿಪ್ಶನ್. ದಿನಕ್ಕೆ ನಲವತ್ತು. ಹಾಸಿಗೆ, ನಲ್ಲಿ, ಹಲ್ಲಿನ ಡಾಕ್ಟರು, ಬೆಕ್ಕಿನ ಊಟ. ಆರು ವರ್ಷಗಳಲ್ಲಿ ಅವಳು ಎಲ್ಲರ ಬಗ್ಗೆಯೂ ಎರಡು ಸಾಲು ಬರೆದಿದ್ದಳು. ಸಂಜೆ ಮನೆಗೆ ಹೋದಾಗ ಮಾತನಾಡಲು ಒಂದು ಸಾಲೂ ಉಳಿದಿರುತ್ತಿರಲಿಲ್ಲ.

ಒಂದು ದಿನ ಟೀ ಹೊತ್ತಿನಲ್ಲಿ ಅವಳು ಮೂಗಿನಲ್ಲೇ ಮಾತನಾಡುವ ಮ್ಯಾನೇಜರನ್ನು ಅನುಕರಿಸಿದಳು.

"ಕೀವರ್ಡ್ ತುಂಬಮ್ಮಾ, ಜನ ಹುಡುಕೋ ಪದ ತುಂಬು! ಚಪ್ಪಲಿ, ಒಳ್ಳೆ ಚಪ್ಪಲಿ, ಅಗ್ಗದ ಚಪ್ಪಲಿ, ಮಾವನ ಚಪ್ಪಲಿ..."

ಕತ್ತರಿಗೆ ಟೀ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ ಮೆಲ್ಲಗೆ ಹೇಳಿದ. "ಕಾಲು ನೋಯೋನು ಚಪ್ಪಲಿ ಅಂತ ಹುಡುಕಲ್ಲ ಮೇಡಂ. 'ಹಿಮ್ಮಡಿ ಯಾಕೆ ನೋಯುತ್ತೆ' ಅಂತ ಹುಡುಕ್ತಾನೆ. ನಾವು ಅವನ ನೋವಿನ ಮಾತು ಬರೀಬೇಕು. ನಮ್ಮ ಜಂಭದ್ದಲ್ಲ."

ಅವಳು ಅವನನ್ನೇ ನೋಡಿದಳು. 'ಈ ಕತ್ತರಿಗೆ ಕತ್ತರಿಸೋದೊಂದೇ ಅಲ್ಲ, ಯೋಚಿಸೋದೂ ಬರುತ್ತೆ...'

ಆಗಲೇ ಅವಳ ಬಾಯಿಂದ ಅಪ್ಪನ ವಿಷಯ ಜಾರಿಬಂತು.

ಅಪ್ಪನದು ಹೊಲಿಗೆ ಯಂತ್ರ ರಿಪೇರಿ ಅಂಗಡಿ. ನಾಲ್ಕು ಹೆಜ್ಜೆ ಅಗಲ, ಎಂಟು ಹೆಜ್ಜೆ ಉದ್ದ, ಇಡೀ ಜಾಗಕ್ಕೆ ಯಂತ್ರದ ಎಣ್ಣೆಯ ವಾಸನೆ. ಕಾಮಗಾರಿಗೆಂದು ರಸ್ತೆಯ ಒಂದು ತುದಿ ಮುಚ್ಚಿದ ಮೇಲೆ ಜನ ಬರುವುದೇ ನಿಂತಿತ್ತು. ಮೂರು ತಿಂಗಳು ನೋಡುತ್ತೇನೆ, ಆಮೇಲೆ ಎಲ್ಲವನ್ನೂ ಗುಜರಿಗೆ ಹಾಕುತ್ತೇನೆ ಎಂದು ಅಪ್ಪ ಹೇಳಿಬಿಟ್ಟಿದ್ದರು.

"ವೆಬ್‌ಸೈಟ್ ನಾನು ಮಾಡಿಕೊಡ್ತೀನಿ," ಎಂದ ಕತ್ತರಿ.

ಭಾನುವಾರ ಅಂಗಡಿಗೇ ಬಂದ. ಅಪ್ಪ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ತಮ್ಮ ವಿದ್ಯೆ ತೋರಿಸಿದರು. ಒಂದೊಂದು ಯಂತ್ರದ ಕಾಯಿಲೆಯೂ ಅವರ ಬಾಯಲ್ಲಿತ್ತು.

"ಟಕಟಕ ಟಕಟಕ, ಇದು ಆರೋಗ್ಯ. ಟಕಟಕ ಗುಟುಕ್, ಇದು ಶಟಲ್ ಸಡಿಲ. ಕಿಂಯ್... ಟಕ, ಇದಕ್ಕೆ ಎಣ್ಣೆ ಇಲ್ಲ. ನಮ್ಮನೇಲಿ ಇವಳೂ ಈಗ ಹೀಗೇ ಓಡ್ತಿದ್ದಾಳಪ್ಪ, ಕಿಂಯ್... ಟಕ!"

"ಅಪ್ಪಾ!"

ಕತ್ತರಿ ನಗಲಿಲ್ಲ. ಅವಳ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿದ, ನೋಡಿ ತಲೆ ತಗ್ಗಿಸಿದ.

ವಾರದಲ್ಲಿ ಸೈಟ್ ಸಿದ್ಧವಾಯಿತು. "ಎಲ್ಲ ಆಯ್ತು. ನಿಮ್ಮ ಎರಡು ಸಾಲು ಬಾಕಿ."

"ಬರೆದುಕೊಡ್ತೀನಿ. ಅಲ್ಲೀವರೆಗೆ ಯಾರಿಗೂ ತೋರಿಸ್ಬೇಡಿ," ಎಂದಳು ಅವಳು.

ಅಂದೇ ಮಧ್ಯಾಹ್ನ ಸೋಫಾ ಕಂಪನಿಯ ಮುನ್ನೂರು ಪುಟಗಳು ಅವಳ ಮೇಜಿನ ಮೇಲೆ ಬಿದ್ದವು. ಆ ಮಾತು ಸೋಫಾಗಳ ಅಡಿಯಲ್ಲೆಲ್ಲೋ ಸೇರಿಹೋಯಿತು. ಅವಳ ಫೋನಿನಲ್ಲಿ ಅಂಗಡಿಯ ವೆಬ್ ವಿಳಾಸ ಒತ್ತಿದರೆ ಸೈಟ್ ತೆರೆದುಕೊಳ್ಳುತ್ತಿತ್ತು. ಲೋಕಕ್ಕೂ ಹಾಗೇ ತೆರೆದುಕೊಂಡಿದೆ ಎಂದುಕೊಂಡಳು.

ಅಪ್ಪ ದಿನಾ ಬೆಳಿಗ್ಗೆ ಅಂಗಡಿಯ ಫೋನನ್ನು ಒರೆಸಿಟ್ಟು ಅದರ ಮುಂದೆ ಕೂರುತ್ತಿದ್ದರು. ಮೊದಲ ತಿಂಗಳು ಒಂದು ರಾಂಗ್ ನಂಬರ್ ಬಂತು. ಅವನ ಜೊತೆಗೇ ಹತ್ತು ನಿಮಿಷ ಮಾತನಾಡಿದರು. ಎರಡನೆಯ ತಿಂಗಳು ಅದೂ ಇಲ್ಲ. ಮೂರನೆಯ ತಿಂಗಳ ಕೊನೆಯ ಗುರುವಾರ, ತಿಂಡಿ ತಿನ್ನುತ್ತಾ ಅಪ್ಪ ಹೇಳಿದರು.

"ಗುಜರಿಯವನಿಗೆ ಹೇಳಿದೀನಿ ಕಣಮ್ಮ. ಸೋಮವಾರ ಬರ್ತಾನೆ."

ಅವಳು ತಟ್ಟೆ ಸರಿಸಿ ಎದ್ದಳು. ಆಫೀಸಿಗೆ ಬಂದವಳೇ ಸೈಟಿನ ಒಳಗಿನ ಬರಹವನ್ನು ತೆರೆದಳು, ಪುಟದಲ್ಲಿ ಕಾಣದ, ಯಂತ್ರಗಳಷ್ಟೇ ಓದುವ ಬರಹವನ್ನು. ತಲೆಭಾಗದಲ್ಲೇ ಇತ್ತು ಆ ಟ್ಯಾಗ್.

ನೋ-ಇಂಡೆಕ್ಸ್!

ಎಂದರೆ, ಹುಡುಕುವವರೇ, ನನ್ನನ್ನು ಪಟ್ಟಿಗೆ ಸೇರಿಸಬೇಡಿ; ಯಾರು ಕೇಳಿದರೂ ನಾನಿಲ್ಲ ಎನ್ನಿ.

ನೆಟ್ಟಗೆ ಅವನ ಮೇಜಿಗೆ ಹೋದಳು.

"ಮೂರು ತಿಂಗಳು ನಮ್ಮಪ್ಪ ಫೋನ್ ಒರೆಸ್ಕೊಂಡು ಕೂತಿದ್ರು! ನೀವು ಅಂಗಡಿಗೆ ಒಳಗಿಂದ ಚಿಲಕ ಹಾಕಿ ಇಲ್ಲಿ ಆರಾಮಾಗಿ ಟೀ ಕುಡೀತಿದ್ರಿ!"

"ಮೇಡಂ, ನೀವೇ..."

"ನಾನೇ? ನಾನೇ ಏನು?"

"ಅದರ ಕೆಳಗೆ ಇರೋದನ್ನ ಓದಿ. ಆಮೇಲೆ ಎಷ್ಟು ಬೇಕಾದ್ರೂ ಬೈರಿ."

'ಓದೋದೇನು, ಮಣ್ಣು!' ಎಂದುಕೊಂಡೇ ಅವಳು ವಾಪಸು ಬಂದಳು. ಮಧ್ಯಾಹ್ನದವರೆಗೂ ಹಟ ಮಾಡಿದಳು. ಕೊನೆಗೆ ಪರದೆಯನ್ನು ಕೆಳಗೆ ಸರಿಸಿದಳು.

ಡಿಸ್ಕ್ರಿಪ್ಶನ್ ಇರಬೇಕಾದ ಜಾಗ ಖಾಲಿ. ಅದರ ಕೆಳಗೆ, ಕೆಲಸದವರು ತಮ್ಮ ನೆನಪಿಗೆ ಬರೆದಿಟ್ಟುಕೊಳ್ಳುವ ಟಿಪ್ಪಣಿಗಳು. ಒಂದೊಂದಕ್ಕೂ ಒಂದೊಂದು ತಾರೀಕು.

"ಅವರ ಎರಡು ಸಾಲು ಬರುವವರೆಗೆ ಯಾರಿಗೂ ತೋರಿಸಬಾರದು ಅಂದಿದ್ದಾರೆ. ಬಂದ ತಕ್ಷಣ ಈ ಟ್ಯಾಗ್ ತೆಗೆಯಬೇಕು."

"ಇವತ್ತು ಕೇಳಲು ಹೋದೆ. ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಫ್ಯಾನು ಆ ಕಡೆ ತಿರುಗಿಸಿ ಬಂದೆ."

"ಮುನ್ನೂರು ಸೋಫಾ ಬರೆದು ಮುಗಿಸಿದರು. ಮುನ್ನೂರ ಒಂದನೆಯದಾಗಿ ಅಪ್ಪನ ಬಗ್ಗೆ ಬರೆಯಿರಿ ಎಂದು ಯಾವ ಬಾಯಲ್ಲಿ ಕೇಳಲಿ?"

"ನಾನೇ ಬರೆದುಬಿಡಬಹುದು. ಆದರೆ ಇದು ಅವರದೇ ಆಗಿರಬೇಕು. ಕಾಯುತ್ತೇನೆ. ಕಾಯುವುದು ಕಷ್ಟವೇನಲ್ಲ, ಪಕ್ಕದ ಮೇಜಿನಲ್ಲೇ ಇದ್ದಾರೆ."

ಅಕ್ಷರಗಳು ನೀರಿನಲ್ಲಿ ತೇಲಿದವು...

ಅಲ್ಲೀವರೆಗೆ ಯಾರಿಗೂ ತೋರಿಸ್ಬೇಡಿ. ಅಂದವಳು ಅವಳೇ! ಬೆಕ್ಕಿನ ಊಟಕ್ಕೆ ಎರಡು ಸಾಲು ಹೊಂದಿಸಿದವಳಿಗೆ ಅಪ್ಪನಿಗಾಗಿ ಒಂದು ಪದವೂ ಹೊರಟಿರಲಿಲ್ಲ. ಮರೆವು ಎಂದರೆ ಅರ್ಧ ಸುಳ್ಳು. ಎಷ್ಟೋ ಸಲ ಕೂತಿದ್ದಳು, ಅಪ್ಪನನ್ನು ನೂರೈವತ್ತೈದು ಅಕ್ಷರಕ್ಕೆ ಮಡಚಿಡಲು ಕೈ ಬಾರದೆ ಎದ್ದಿದ್ದಳು.

ಈಗ ಬರೆದಳು. ಒಂದೇ ಉಸಿರಿಗೆ. ಎಣಿಸಿದರೆ ಉದ್ದವಾಗಿತ್ತು. ಎದ್ದು ಅವನ ಮೇಜಿಗೆ ಹೋಗಿ ನಿಂತಳು.

"ಕತ್ತರಿ ಬೇಕಿತ್ತು."

ಅವನು ಓದಿದ. 'ಅತ್ಯುತ್ತಮ' ತೆಗೆದ. 'ನಂಬಿಕಸ್ಥ' ತೆಗೆದ. ಆಮೇಲೆ ಬೆರಳು ನಿಂತಿತು.

"ಇನ್ನೂ ನಾಲ್ಕಕ್ಷರ ಜಾಸ್ತಿ ಇದೆ. ಆದ್ರೆ 'ಅಪ್ಪ' ತೆಗೆಯಲ್ಲ ನಾನು."

"ಬೇರೆ ಏನಾದ್ರೂ ತೆಗೀರಿ. ಹಾಗೇ... ಬೆಳಿಗ್ಗೆ ನಾನು ಬೈದದ್ದೂ."

"ಅದು ಇರ್ಲಿ. ನಾನೂ ಬಾಯಿಬಿಟ್ಟು ಕೇಳ್ಬೇಕಿತ್ತು. ಬರೆದಿಟ್ಟು ಕೂತೆ."

ಕೊನೆಗೆ ಪರದೆಯ ಮೇಲೆ ಉಳಿದದ್ದು ಇಷ್ಟು: "ಹೊಲಿಗೆ ಯಂತ್ರ ನೂಲು ಕಡಿಯುತ್ತಿದೆಯೇ? ಸದ್ದು ಮಾಡುತ್ತಿದೆಯೇ? ಫೋನ್ ಮಾಡಿ, ಯಂತ್ರ ಓಡಿಸಿ. ಸದ್ದು ಕೇಳಿ ಅಪ್ಪ ಕಾಯಿಲೆ ಹೇಳುತ್ತಾರೆ."

ಅವನು ನೋ-ಇಂಡೆಕ್ಸ್ ಅಳಿಸಿದ. ಮತ್ತೊಮ್ಮೆ ಬಂದು ನೋಡಿ ಎಂದು ಸರ್ಚಿನವರಿಗೆ ಕೋರಿಕೆ ಕಳಿಸಿದ. "ಎರಡು ದಿನ ಆಗ್ಬಹುದು, ಎರಡು ವಾರವೂ ಆಗ್ಬಹುದು. ನಮ್ಮ ಕೈಲಿಲ್ಲ."

ಶುಕ್ರವಾರ ಹುಡುಕಿದರೆ ಅಂಗಡಿ ಇಲ್ಲ. ಶನಿವಾರ, ಭಾನುವಾರ ಇಲ್ಲ.

ಸೋಮವಾರ ಇಬ್ಬರೂ ರಜೆ ಹಾಕಿ ಅಂಗಡಿಗೆ ಬಂದರು. ಗುಜರಿಯವನು ತಕ್ಕಡಿ ಇಳಿಸಿದ್ದ. ಅಪ್ಪ ಮೊದಲ ಯಂತ್ರವನ್ನು ಹೊರಗೆ ತಂದು, ಧೂಳು ಒರೆಸಿ, ಯಾಕೋ ಅದಕ್ಕೆ ಎರಡು ಹನಿ ಎಣ್ಣೆ ಬಿಟ್ಟರು.

"ಗುಜರಿಗೆ ಹೋಗೋದಕ್ಕೆ ಎಣ್ಣೆ ಯಾಕ್ ಯಜಮಾನ್ರೇ?" ಎಂದ ಗುಜರಿಯವನು.

ಅಪ್ಪ ಉತ್ತರಿಸುವ ಮೊದಲೇ ಫೋನ್ ಬಡಿದುಕೊಂಡಿತು.

ಯಾರೂ ಕದಲಲಿಲ್ಲ. ಮೂರನೆಯ ರಿಂಗಿಗೆ ಅಪ್ಪ ಎತ್ತಿಕೊಂಡರು.

"ಹಾಂ ತಾಯಿ... ನೂಲು ಕಡೀತಾ ಇದೆಯಾ? ಫೋನನ್ನ ಮಷಿನ್ ಪಕ್ಕ ಇಡಿ. ಓಡಿಸಿ."

ಟಕಟಕ... ಟಕಟಕ... ಗುಟುಕ್!

ಅಪ್ಪನ ಮುಖ ಬೆಳಗಿತು. "ಗುಟುಕ್ ಅಂತಲ್ವಾ? ಶಟಲ್ ಸಡಿಲ ಆಗಿದೆ. ತೊಗೊಂಡು ಬನ್ನಿ, ಇವತ್ತೇ ಮಾಡಿಕೊಡ್ತೀನಿ." ಫೋನಿಟ್ಟು ಗುಜರಿಯವನ ಕಡೆ ತಿರುಗಿದರು. "ತಕ್ಕಡಿ ಎತ್ಕೊಳಪ್ಪಾ. ನಂಗೆ ಕೆಲಸ ಇದೆ."

ಅವಳು ಅಂಗಡಿಯ ಹೊರಗಿನ ಮರದ ಬೆಂಚಿನ ಮೇಲೆ ಕುಸಿದು ಕೂತಳು. ಆರು ವರ್ಷದ ದಣಿವೆಲ್ಲ ಒಟ್ಟಿಗೆ ಕಾಲಿಗಿಳಿದಂತಿತ್ತು. ಅವನು ಬಂದು ಒಂದು ಮೊಳ ಬಿಟ್ಟು ಕೂತ.

"ಇನ್ನೂ ಏನೇನು ಬರೆದು ಬಚ್ಚಿಟ್ಟಿದ್ದೀರಿ?"

"ಒಂದೇ ಬಾಕಿ. ಅದನ್ನ ಬರೆಯಲ್ಲ, ಹೇಳ್ತೀನಿ."

"ಎರಡೇ ಸಾಲಲ್ಲಿ ಹೇಳಿ. ಅದಕ್ಕಿಂತ ಜಾಸ್ತಿ ಕೇಳಿಸ್ಕೊಳ್ಳೋ ಶಕ್ತಿ ಇಲ್ಲ ನಂಗೆ."

ಅವನು ಉಸಿರೆಳೆದುಕೊಂಡ. "ಪಕ್ಕದ ಮೇಜು ಸಾಕು ಅಂದ್ಕೊಂಡಿದ್ದೆ. ಅಷ್ಟು ದೂರ ಇನ್ಮೇಲೆ ಆಗಲ್ಲ ನಂಗೆ."

ಅವಳು ನಡುವಿನ ಆ ಒಂದು ಮೊಳವನ್ನು ತಾನೇ ದಾಟಿ, ಅವನ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು.

"ಐದು ನಿಮಿಷ ಅಷ್ಟೇ... ಎಬ್ಬಿಸ್ಬೇಡ."

'ಎಬ್ಬಿಸ್ಬೇಡ.' ಅವಳ ಬಾಯಿಂದ ಮೊದಲ ಸಲ ಬಂದ ಆ ಏಕವಚನ ಕೇಳಿ ಅವನು ಹೆಗಲನ್ನು ಅವಳತ್ತ ಇನ್ನಷ್ಟು ತಗ್ಗಿಸಿದ.

"ಬೆಂಚಿನ ಮೇಲೆ ಹೀಗೆ ಮಲಗಿದವರು ಬೆನ್ನು ಹಿಡ್ಕೊಂಡು ಏಳು..."

"ವಾಕ್ಯ ಪೂರ್ತಿ ಮಾಡು, ಕತ್ತರಿ."

"ಏಳಲ್ಲ ಕಣೇ. ನಾನಿದ್ದೀನಲ್ಲ."