ಬೆಕ್ಕನ್ನು ಬಿಟ್ಟ ಶ್ರಾವಣಿ

"ಸರ್, ಬೆಕ್ಕನ್ನ ಚೀಲದಾಗ ಯಾಕ ಹಾಕಿದ್ರು?" ತಿಮ್ಮರಾಜು ಕೇಳಿದ. ಐದನೇ ಕ್ಲಾಸ್ ಗೊಳ್ಳೆಂದಿತು.

ರಂಗನಾಥ್ ಸರ್ ಬೋರ್ಡಿನತ್ತ ಕೈ ತೋರಿಸಿದರು. "ಲೆಟ್ ದ ಕ್ಯಾಟ್ ಔಟ್ ಆಫ್ ದ ಬ್ಯಾಗ್. ಚೀಲದಿಂದ ಬೆಕ್ಕನ್ನ ಬಿಡೋದು. ಅಂದ್ರ, ಮುಚ್ಚಿಟ್ಟ ಗುಟ್ಟನ್ನ ಬಾಯಿತಪ್ಪಿ ಹೇಳೋದು. ಯಾರು ಉದಾಹರಣೆ ಕೊಡ್ತೀರಿ?"

ಶ್ರಾವಣಿಯ ಕೈ ತಾನಾಗಿ ಮೇಲೆದ್ದಿತು. ಒಂದು ಗುಟ್ಟು ಅವಳ ಹೊಟ್ಟೆಯೊಳಗೆ ಜೋಳದ ಅರಳಿನಂತೆ ಪಟಪಟ ಸಿಡಿಯುತ್ತಿತ್ತು.

"ಸರ್, ಗಂಗೋತ್ರಿ ಅಮ್ಮ ಬೆಂಗಳೂರು ಗಾರ್ಮೆಂಟ್ಸ್ ಬಿಟ್ಟು ಶನಿವಾರ ಬರ್ತಾಳ, ಇನ್ಮ್ಯಾಲೆ ನಮ್ಮ ಮನ್ಯಾಗ ಜೀನ್ಸ್ ಹೊಲೀತಾಳ ಅಂತ ನಾನು ಗಂಗೋತ್ರಿಗೆ ಹೇಳಿದ್ರ, ಅದು ಬೆಕ್ಕು ಬಿಟ್ಟಂಗ!"

ಪಕ್ಕದಲ್ಲೇ ಕೂತಿದ್ದ ಗಂಗೋತ್ರಿ ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದಳು.

"ಅಯ್ಯಯ್ಯೋ!" ಶ್ರಾವಣಿ ಬಾಯಿ ಮುಚ್ಚಿಕೊಂಡಳು.

"ಬಿಟ್ಟೇಬಿಟ್ಲು! ಮಿಯಾಂವ್!" ತಿಮ್ಮರಾಜು ಕೂಗಿದ. ಹಿಂದಿನ ಬೆಂಚಿನವರೆಲ್ಲ ಮಿಯಾಂವ್ ಮಿಯಾಂವ್. ಸರ್ ಕೂಡ ಡಸ್ಟರ್ ಅಡ್ಡ ಹಿಡಿದು ನಕ್ಕರು.

ಬಿಡುವಿನಲ್ಲಿ ಶ್ರಾವಣಿ ಅಳುವ ಹಾಗಿದ್ದಳು. "ಹೇಳಬ್ಯಾಡ ಅಂತ ನಿಮ್ಮಮ್ಮ ಚಿತ್ತಮ್ಮತ್ತಿನೇ ಫೋನಿನಾಗ ಅಂದಿದ್ಲು. ಹೋದ ಸಲ ರಜಾ ಸಿಗಲಿಲ್ಲಂತ ಬರಲಿಲ್ಲ, ನೀನು ಊಟ ಬಿಟ್ಟು ಕುಂತಿದ್ದೆಲ್ಲ. ಈ ಸಲಾನೂ ಬರಲಿಲ್ಲಂದ್ರ?"

"ಬರ್ತಾಳ ಬಿಡಲೇ. ನನಗ ಏನೂ ಗೊತ್ತಿಲ್ಲ, ಆತಾ? ಅಮ್ಮ ಇಳಿದ ಕೂಡ್ಲೆ ಹಿಂಗ ಮಾಡ್ತೀನಿ." ಗಂಗೋತ್ರಿ ಕಣ್ಣರಳಿಸಿ ಕೆನ್ನೆ ಹಿಡಿದುಕೊಂಡಳು.

"ಅದು ಹಲ್ಲುನೋವಿನ ಮುಖ!"

"ಹಿಂಗ?"

"ಈಗ ದೆವ್ವ ನೋಡ್ದಂಗೈತಿ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಶನಿವಾರ ಜೀನ್ಸ್ ಬಟ್ಟೆಯ ಬಂಡಲ್ ತರುವ ನೆವದಲ್ಲಿ ಶ್ರಾವಣಿಯ ಅಮ್ಮ ಪಾಲಮ್ಮ ಇಬ್ಬರನ್ನೂ ರಾಯದುರ್ಗದ ಬಸ್‌ಸ್ಟ್ಯಾಂಡಿಗೆ ಕರೆದೊಯ್ದಳು. ದಾರಿಯುದ್ದಕ್ಕೂ ಗಂಗೋತ್ರಿ ಅಚ್ಚರಿಯ ಮುಖ ಮಾಡುತ್ತಲೇ ಇದ್ದಳು, ಶ್ರಾವಣಿ ನಗುತ್ತಲೇ ಇದ್ದಳು.

ಬಸ್ಸು ಬಂತು. ಒಬ್ಬೊಬ್ಬರೇ ಇಳಿದರು. ಗಂಗೋತ್ರಿಯ ಕೈ ಶ್ರಾವಣಿಯ ಕೈಯನ್ನು ಬಿಗಿಯಾಗಿ ಹಿಡಿಯಿತು.

ಕೊನೆಗೆ ದೊಡ್ಡ ಬ್ಯಾಗಿನ ಹಿಂದೆ ಚಿತ್ತಮ್ಮ ಕಾಣಿಸಿದಳು.

ಗಂಗೋತ್ರಿ ಯಾವ ಮುಖವನ್ನೂ ಮಾಡಲಿಲ್ಲ. ಓಡಿಹೋಗಿ ಅಮ್ಮನ ಸೀರೆಯೊಳಗೆ ಮುಖ ಹುದುಗಿಸಿ, "ಖರೇನ ಬಂದಿಯೇನಮ್ಮ?" ಎಂದು ಬಿಕ್ಕಿದಳು.

ಇಷ್ಟು ದಿನ ನಗುತ್ತಿದ್ದಾಗಲೂ ಅವಳು ಹೆದರಿಕೊಂಡೇ ಇದ್ದಳು.

"ಯಾರೂ ಹೇಳಿಲ್ಲ ತಾನೆ?" ಚಿತ್ತಮ್ಮ ನಗುತ್ತ ಕೇಳಿದಳು.

"ಯಾರೂ ಹೇಳಿಲ್ಲ," ಎಂದಿತು ಸೀರೆಯೊಳಗಿನ ದನಿ.

ಶ್ರಾವಣಿ ಏನೋ ಹೇಳಲು ಬಾಯಿ ತೆರೆದಳು. ಈ ಸಲ ಬೆಕ್ಕನ್ನು ಬಿಡಲಿಲ್ಲ. ಬ್ಯಾಗಿನ ಒಂದು ಹಿಡಿಕೆಯನ್ನು ತನ್ನ ಅಮ್ಮನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, ತಾಯಿ ಮಗಳನ್ನು ಹಿಂದೆ ಬಿಟ್ಟು ಸ್ವಲ್ಪ ಮುಂದಾಗಿ ನಡೆದಳು.