ಓವರ್‌ಕೋಟಿನಲ್ಲಿ ಹದಿನೇಳು ಊರು

ವಿಮಾನ ಹತ್ತುವ ಮುನ್ನ ಸೂಟ್‌ಕೇಸಿನ ಜೊತೆ ಮನುಷ್ಯರನ್ನೂ ತೂಗುತ್ತಿದ್ದ ಕಾಲ ಅದು. ಯಾರ ತೂಕವನ್ನೂ ಗಟ್ಟಿಯಾಗಿ ಹೇಳದೆ, ಗುಟ್ಟಿನಂತೆ ಉಸುರುತ್ತಿದ್ದ ಗುಮಾಸ್ತನನ್ನು ಎಲ್ಲರೂ ‘ತಕ್ಕಡಿ’ ಎಂದೇ ಕರೆಯುತ್ತಿದ್ದರು.

ಅಲ್ಲಿನ ಗಗನಸಖಿಯೊಬ್ಬಳಿಗೆ ‘ಪೆಪ್ಪರ್‌ಮಿಂಟ್’ ಎಂಬ ಹೆಸರು. ಮೇಲೇರುವಾಗ ಕಿವಿ ಕಟ್ಟದಿರಲೆಂದು ಪ್ರಯಾಣಿಕರಿಗೆ ಬೆಳ್ಳಿ ತಟ್ಟೆಯಲ್ಲಿ ಅದನ್ನು ಹಂಚುವವಳು ಅವಳೇ. ಮರಳಿ ಬಂದಾಗಲೆಲ್ಲ ಉಳಿದದ್ದೊಂದನ್ನು ಆ ಗುಮಾಸ್ತನ ಮೇಜಿನ ಮೇಲಿಟ್ಟು ಹೋಗುತ್ತಿದ್ದಳು.

“ನೀವು ಹಾರೋದೇ ಇಲ್ವಾ?” ಒಮ್ಮೆ ಕೇಳಿದ್ದಳು.

“ಎಲ್ಲರನ್ನೂ ಕಳಿಸೋನು ನಾನು. ಈ ಊರಿನ ಗಡಿಯನ್ನೇ ದಾಟಿಲ್ಲ.”

ಇಂದು ಹೊಸ ಸಮುದ್ರಮಾರ್ಗದ ಮೊದಲ ವಿಮಾನ. ಹೋದರೆ ಮರಳುವುದು ಮೂರು ತಿಂಗಳಿಗೆ. ಗಗನಸಖಿಯ ತೂಕ ಐವತ್ತೆರಡು ಕಿಲೋ ಮೀರಿದರೆ ಅವಳ ಜಾಗ ಇನ್ನೊಬ್ಬಳಿಗೆ.

ಅವಳು ಹತ್ತಿ ನಿಂತದ್ದೇ ತೂಕದ ಮುಳ್ಳು ಐವತ್ತಮೂರು ದಾಟಿತು.

ಅವನ ಮುಖ ಬಾಡಿತು. “ಓವರ್‌ಕೋಟು ತೆಗೆದು ನಿಲ್ಲಿ.”

“ಬೇಡ. ಚಳಿ.”

“ಈ ಬಿಸಿಲಲ್ಲಾ?” ಪಕ್ಕದಲ್ಲಿದ್ದ ಮೇಲ್ವಿಚಾರಕಿ ಹುಬ್ಬೇರಿಸಿದರು. “ಹಟ ಮಾಡ್ಬೇಡ ಕಣಮ್ಮಾ. ಅಲ್ಲೊಬ್ಬಳು ಲಿಪ್‌ಸ್ಟಿಕ್ ಹಚ್ಕೊಂಡು ತುದಿಗಾಲಲ್ಲಿ ನಿಂತಿದಾಳೆ.”

ಅವಳು ಅವನ ಕಡೆ ಬಾಗಿ ಪಿಸುಗುಟ್ಟಿದಳು. “ಸ್ವಲ್ಪ ಕಡಿಮೆ ಬರ್ಕೊಳ್ರೀ.”

“ನಿಮ್ಮನ್ನ ಹೊತ್ಕೊಂಡು ಹಾರೋ ವಿಮಾನ. ಅದಕ್ಕೆ ಹೇಗೆ ಸುಳ್ಳು ಹೇಳಲಿ?”

ಅವಳ ಕೆನ್ನೆ ಕೆಂಪಾಯಿತು. ತೂಕದ ಯಂತ್ರದ ಮೇಲೆ ನಿಂತೇ ಕೋಟಿನ ಜೇಬಿಗೆ ಕೈ ಹಾಕಿದಳು. ಅವನ ಮೇಜಿನ ಮೇಲೆ ಒಂದೊಂದಾಗಿ ಕಲ್ಲುಗಳು ಬಂದು ಕುಳಿತವು. ಕಪ್ಪು, ಬಿಳಿ, ಮೊಟ್ಟೆಯಂತೆ ನುಣುಪಾದದ್ದು. ಒಟ್ಟು ಹದಿನೇಳು.

“ನಾನು ಇಳಿದ ಊರಿಗೊಂದು. ನೀವು ಎಲ್ಲೂ ಹೋಗಿಲ್ವಲ್ಲ, ಅದಕ್ಕೆ... ಪ್ರತಿ ಸಲ ಕೊಡೋಣ ಅಂತ್ಲೇ ಬರ್ತಿದ್ದೆ. ಧೈರ್ಯ ಸಾಲದೆ ಪೆಪ್ಪರ್‌ಮಿಂಟ್ ಕೊಟ್ಟು ಹೋಗ್ತಿದ್ದೆ.”

“ಸರಿಹೋಯ್ತು!” ಎಂದ ಮೇಲ್ವಿಚಾರಕಿ ಕಿಟಕಿಯತ್ತ ತಿರುಗಿ, ಆಕಾಶದಲ್ಲಿಲ್ಲದ ಮೋಡವನ್ನು ನೋಡತೊಡಗಿದರು.

ಅವನು ಮೇಜಿನ ಡ್ರಾಯರ್ ಎಳೆದ. ಒಳಗೊಂದು ಗಾಜಿನ ಸೀಸೆ, ಅದರ ತುಂಬ ಪೆಪ್ಪರ್‌ಮಿಂಟು.

“ಅಯ್ಯೋ, ಒಂದೂ ತಿಂದಿಲ್ವಾ!”

“ತಿಂದ್ರೆ ಖಾಲಿ ಆಗ್ಬಿಡ್ತಿತ್ತಲ್ಲ.”

ಮುಳ್ಳು ಈಗ ಐವತ್ತೆರಡರ ಮೇಲೆ ಸಾಧುವಾಗಿ ನಿಂತಿತ್ತು. ಅವನು ಕಲ್ಲುಗಳನ್ನು ಚೀಲಕ್ಕೆ ತುಂಬಿ, ಸಾಮಾನಿಗೆ ಕಟ್ಟುವ ಚೀಟಿ ಕಟ್ಟಿದ. ‘ಮಾಲೀಕರು’ ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

“ಯಾರ ಹೆಸರು ಬರೀಲಿ?”

ಹೊರಗೆ ಪ್ರೊಪೆಲ್ಲರ್ ಗುಡುಗತೊಡಗಿತು. ಅವಳು ಪೆನ್ನು ಕಿತ್ತುಕೊಂಡು ಏನೋ ಗೀಚಿ, ಟೋಪಿ ಹಿಡಿದುಕೊಂಡು ಓಡಿದಳು.

‘ನಮ್ಮಿಬ್ಬರದು. ಮೂರು ತಿಂಗಳು ಜೋಪಾನ.’

ಎಂದೂ ದನಿ ಏರಿಸದ ತಕ್ಕಡಿ ಬಾಗಿಲಿಗೆ ಓಡಿಬಂದು, ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದ:

“ಕಾಯ್ತಿರ್ತೀನಿ ಕಣೇ!”