ಒಂಬತ್ತನೇ ಹಾಡಿನ ಕಳವು

ಸೋಲೋ ಇರಲಿಲ್ಲ.

ಗಿಟಾರ್ ವಾದಕ ಹಾಡನ್ನು ಹಿಂದಕ್ಕೆ ಎಳೆದು ಮತ್ತೊಮ್ಮೆ ಕೇಳಿದ. ಆಲ್ಬಮ್‌ನ ಒಂಬತ್ತನೇ ಹಾಡು, ಕೊನೆಯದು. ಗಾಯಕನ ಆರ್ಭಟ ನಿಂತಿತು. ಇನ್ನು ತನ್ನ ಗಿಟಾರ್ ಒಂಟಿಯಾಗಿ ಏಳಬೇಕು — ಏಳಲಿಲ್ಲ. ಎರಡು ನಿಮಿಷ ಬರೀ ತಮ್ಮನ ಡ್ರಮ್ಸ್, ಅದೂ ಪಿಸುಮಾತಿನಷ್ಟು ಮೆಲ್ಲಗೆ.

ಆಲ್ಬಮ್ ಬೆಳಿಗ್ಗೆಯಷ್ಟೇ ಬಿಡುಗಡೆಯಾಗಿತ್ತು. ಬಿಡುಗಡೆಗೆ ಮುಂಚೆ ತನ್ನ ಹಾಡನ್ನು ತಾನು ಕೇಳಿದರೆ ಏನಾದರೂ ಎಡವಟ್ಟಾಗುತ್ತದೆ ಎಂಬ ಅಂಜಿಕೆ ಅವನದು. ಕೇಳದೆಯೇ ಎಡವಟ್ಟಾಗಿತ್ತು.

ಗಾಯದ ಮೇಲೆ ಉಪ್ಪು ಸುರಿದದ್ದು ವಿಮರ್ಶೆ. ಯಾರನ್ನೂ ಸುಲಭಕ್ಕೆ ಹೊಗಳದ ವಿಮರ್ಶಕ ಬರೆದಿದ್ದ: ‘ಪ್ರೊಗ್ರೆಸಿವ್ ಮೆಟಲ್ ಎಂದರೆ ಬೆರಳಿನ ಕಸರತ್ತು ಎಂದುಕೊಂಡವರು ಒಂಬತ್ತನೇ ಹಾಡು ಕೇಳಬೇಕು. ಅಲ್ಲಿ ಗಿಟಾರ್ ಬಾಯಿ ಮುಚ್ಚಿಕೊಂಡಿದೆ. ಆ ಸಂಯಮವೇ ಈ ಆಲ್ಬಮ್‌ನ ಎದೆಬಡಿತ.’

“ಸಂಯಮವಂತೆ!” ಅವನು ಫೋನನ್ನು ಅತ್ತಿಗೆಯ ಮುಂದೆ ಹಿಡಿದ. “ಇದು ಕಳ್ಳತನ ಅತ್ತಿಗೆ. ಮಾಡಿದ್ದು ತಮ್ಮನೇ. ಸಂಜೆ ಕಾರ್ಯಕ್ರಮಕ್ಕೆ ಬೇರೆ ಡ್ರಮ್ಮರ್‌ನ ಕರೀತೀನಿ. ಅವನ ಸಹವಾಸ ಸಾಕು.”

ಅತ್ತಿಗೆ ವಿಮಾ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಮಾಡುವವಳು. ಸುಟ್ಟುಹೋಯಿತೆಂದ ಅಂಗಡಿಯ ಮಾಲನ್ನು ಪಕ್ಕದ ಬೀದಿಯಲ್ಲಿ ಹುಡುಕಿ ತೆಗೆದವಳು. ಅವಳು ಚಪ್ಪಲಿ ಮೆಟ್ಟಿದಳು.

“ಅವನನ್ನ ಕೇಳಿದ್ಯಾ?”

“ಕೇಳಿದೆ. ‘ನಿಂಗೊತ್ತಿಲ್ವಾ?’ ಅಂದ. ಮುಖ ಕೆಂಪಾಯ್ತು. ಮೇಲೆ ಹೋಗಿ ಚಿಲಕ ಹಾಕ್ಕೊಂಡು ಡ್ರಮ್ಸ್ ಬಿಚ್ತಿದ್ದಾನೆ.”

“‘ನಂಗೊತ್ತಿಲ್ಲ’ ಅನ್ಲಿಲ್ವಾ? ‘ನಿಂಗೊತ್ತಿಲ್ವಾ’ ಅಂದ್ನಾ?”

“ಎರಡೂ ಒಂದೇ ತಾನೇ?”

ಅತ್ತಿಗೆ ಆಗಲೇ ಗೇಟು ದಾಟಿದ್ದಳು.

ಗಾಯಕ ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಸಿಕ್ಕ. ವೇದಿಕೆಯ ಮೇಲೆ ಕಟ್ಟಡ ನಡುಗಿಸುವ ಆಸಾಮಿ. ಇಲ್ಲಿ ಗಿರಾಕಿಗಳಿಗೂ ಕಿವಿ ಕೊಟ್ಟು ಕೇಳಬೇಕಾದಷ್ಟು ಮೆದು ದನಿ.

“ಆ ಸೋಲೋ ಕಂಡ್ರೆ ನಿಮಗೆ ಆಗ್ತಿರ್ಲಿಲ್ಲ ಅಂತ ಕೇಳಿದೆ,” ಎಂದಳು ಅತ್ತಿಗೆ.

“ಎರಡು ನಿಮಿಷ ಕಂಬದ ಹಾಗೆ ನಿಂತಿರಬೇಕಲ್ಲ ಅಕ್ಕ, ಯಾರಿಗೆ ಆಗುತ್ತೆ? ಆದ್ರೆ ನನ್ನ ಪಾಲು ಹಾಡಿದ ಮೇಲೆ ಸ್ಟುಡಿಯೋ ಕಡೆ ತಲೆ ಹಾಕಿಲ್ಲ. ಗಂಟಲು ಕಟ್ಟಿ ಮನೇಲೇ ಬಿದ್ದಿದ್ದೆ.”

ಹೊರಗೆ ಬಂದಾಗ ಗಿಟಾರ್ ವಾದಕ ಗೊಣಗಿದ: “ಹೇಳ್ಲಿಲ್ವಾ? ಕೊನೇ ದಿನ ಸ್ಟುಡಿಯೋದಲ್ಲಿದ್ದವನು ತಮ್ಮ. ಹೊಗಳಿಕೆ ಸಿಕ್ಕಿದ್ದೂ ಅವನ ಡ್ರಮ್ಸ್‌ಗೇ.”

“ಸೌಂಡ್ ಎಂಜಿನಿಯರೂ ಇದ್ನಲ್ಲ?”

“ಅವನನ್ನ ಬಿಡಿ. ನಾನು ಹೇಳಿದ ಹಾಗೇ ಮಾಡಿದ್ಯಾ ಅಂತ ಅವತ್ತೇ ಕೇಳಿದ್ದೆ. ಹೌದು ಅಂದಿದ್ದ.”

ಸ್ಟುಡಿಯೋ ನೆಲಮಾಳಿಗೆಯಲ್ಲಿತ್ತು. ಗೋಡೆಗೆಲ್ಲ ಸ್ಪಂಜು. ಎಂಜಿನಿಯರ್ ಹೊಗಳಿಕೆ ಕೇಳುವ ಹುರುಪಿನಲ್ಲಿ ಕುರ್ಚಿ ಎಳೆದುಕೊಟ್ಟ.

“ನಿಮ್ಮ ಕೆಲಸ ಅಂದ್ರೆ ಏನಪ್ಪ?” ಅತ್ತಿಗೆ ಕೇಳಿದಳು.

“ತೆಗೆಯೋದೇ ನಮ್ಮ ಕೆಲಸ ಅಕ್ಕ. ಕೆಮ್ಮು ತೆಗಿ, ಉಸಿರು ತೆಗಿ, ಕುರ್ಚಿ ಕಿರ್ ಅಂದದ್ದು ತೆಗಿ. ಬೆಳಗಾದ್ರೆ ಅದೇ.”

ಅತ್ತಿಗೆಯ ಹುಬ್ಬು ಮೇಲೇರಿತು. “ಕೊನೇ ದಿನ ಒಂಬತ್ತನೇ ಹಾಡಲ್ಲಿ ಏನು ನಡೀತಿತ್ತು?”

“ಡ್ರಮ್ಸ್ ಒಂದೇ ಕೇಳ್ಲಿ ಅಂತ ಸೋಲೋನ ಮುಚ್ಚಿಟ್ಟಿದ್ದೆ. ಆಗಲೇ ಅಣ್ಣನ ಫೋನ್ ಬಂತು. ಸ್ಪೀಕರ್‌ಗೆ ಹಾಕಿದೆ. ಇವರ ತಮ್ಮನೂ ಇಲ್ಲೇ ಇದ್ದ.”

“ನೀನೇನಂದೆ?” ಅತ್ತಿಗೆ ಮೈದುನನ ಕಡೆ ತಿರುಗಿದಳು.

“ಬಸ್ಸಲ್ಲಿದ್ದೆ, ಗಲಾಟೆ. ಮುಚ್ಚಿಟ್ಟಿದ್ದೀನಿ ಅಂದ. ನಾನು — ‘ಸೋಲೋ ತೆಗಿ, ಮುಗಿಸಿ ಕಳಿಸು’ ಅಂದೆ.”

“ನಾನೂ ಹಾಗೇ ಮಾಡ್ದೆ,” ಎಂಜಿನಿಯರ್ ಹೆಮ್ಮೆಯಿಂದ ಹೇಳಿದ. “ತೆಗೆದುಹಾಕ್ದೆ.”

 

“ಕಳ್ಳ ಸಿಕ್ಕಿದ,” ಅತ್ತಿಗೆ ಮೆಲ್ಲಗೆ ಹೇಳಿದಳು. “ನೀನು ಬಾಗಿಲು ತೆಗಿ ಅನ್ನೋ ಹಾಗೆ ಹೇಳಿದೆ. ಇವನಿಗೆ ಕಸ ತೆಗಿ ಅಂದ ಹಾಗೆ ಕೇಳಿಸ್ತು. ದಿನವಿಡೀ ಅದನ್ನೇ ಮಾಡೋನು, ಇನ್ನೇನು ಅಂದ್ಕೋತಾನೆ?”

“ಹಾಗಾದ್ರೆ ತಮ್ಮ ಯಾಕೆ ಸುಮ್ನಿದ್ದ?”

“ಅವನೂ ಹಾಗೇ ಕೇಳಿಸ್ಕೊಂಡ. ಯಾರಿಗೂ ಒಂದು ಸ್ವರ ಬಿಟ್ಟುಕೊಡದ ಅಣ್ಣ ತನಗೋಸ್ಕರ ಸೋಲೋನೇ ಬಿಟ್ಟ ಅಂದ್ಕೊಂಡ. ಈಗ ನೀನು ಕಳ್ಳ ಅಂದಾಗ? ಕೊಟ್ಟದ್ದಕ್ಕೆ ಹೊಟ್ಟೆ ಉರ್ಕೊಂಡು ತನ್ನ ಮೇಲೆ ಹಾಕ್ತಿದ್ದೀಯ ಅನ್ಸಿರುತ್ತೆ. ಅದಕ್ಕೇ ‘ನಿಂಗೊತ್ತಿಲ್ವಾ’ ಅಂದದ್ದು. ನೀನು ಆ ಮಾತನ್ನೇ ಸರಿಯಾಗಿ ಕೇಳ್ಲಿಲ್ಲ.”

ಗಿಟಾರ್ ವಾದಕ ಒಂಬತ್ತನೇ ಹಾಡನ್ನು ಇನ್ನೊಮ್ಮೆ ಹಾಕಿಸಿದ. ಈ ಸಲ ಸೋಲೋ ಹುಡುಕದೆ ಕೇಳಿದ. ಮೆಲ್ಲಗಿನ ಆ ಪೆಟ್ಟುಗಳ ನಡುವೆ ತಮ್ಮ ಏನೋ ಹೇಳುತ್ತಿದ್ದ. ಇಷ್ಟು ವರ್ಷ ಗಿಟಾರ್‌ನ ಗದ್ದಲದಲ್ಲಿ ಅದು ಕಿವಿಗೇ ಬಿದ್ದಿರಲಿಲ್ಲ.

ಸಂಜೆಯ ಹೊತ್ತಿಗೆ ಅವನು ಮಹಡಿಯ ಬಾಗಿಲ ಮುಂದೆ ನಿಂತಿದ್ದ. ಒಳಗೆ ಕಬ್ಬಿಣದ ಸ್ಟ್ಯಾಂಡು ಮಡಚುವ ಸದ್ದು.

“ತಪ್ಪು ನಂದು ಕಣೋ. ಇವತ್ತು ಆ ಎರಡು ನಿಮಿಷ ನಿಂದೇ. ನಾನು ಕೈಕಟ್ಟಿ ನಿಂತಿರ್ತೀನಿ.”

ಸದ್ದು ನಿಂತಿತು.

“ಬಾಗ್ಲು ತೆಗಿಯೋ.”

“ಸರಿಯಾಗಿ ಹೇಳು,” ಒಳಗಿಂದ ದನಿ ಬಂತು. “ಅತ್ತಿಗೆ ಫೋನ್ ಮಾಡಿ ಎಲ್ಲ ಹೇಳಿದ್ದಾರೆ. ಕೈಯಲ್ಲಿ ಸ್ಕ್ರೂಡ್ರೈವರ್ ಬೇರೆ ಇದೆ. ಬಾಗ್ಲು ತೆಗಿ ಅಂದ್ರೆ — ಯಾವ ತೆಗಿ?”